ಸೈಮಾಳ ನಾಲ್ಕು ಗಂಟೆಯ ಕರೆ

ಸಲೋ ರಸ್ತೆಯ ಕೊನೆಯ ಮನೆ ಸೈಮಾ ಪೆಲ್ಕೋನೆನ್‌ಳದು. ಅದರಾಚೆ ಬರ್ಚ್ ಮರಗಳು, ಮರಗಳಾಚೆ ಅಮೆರಿಕದ ಉತ್ತರ ಗಡಿಯ ಸುಪೀರಿಯರ್ ಸರೋವರ. ನಮ್ಮ ಕಡೆ ಒಬ್ಬರ ವಿಷಯ ಹೇಳಹೊರಟರೆ ಅವರು ಎಲ್ಲಿ ಹುಟ್ಟಿದರು ಎಂಬಲ್ಲಿಂದ ಶುರು ಮಾಡುವುದು ರೂಢಿ. ಸೈಮಾ ಹುಟ್ಟಿದ್ದು ಸೌನಾದಲ್ಲಿ. ಇದೇನು ವಿಶೇಷವಲ್ಲ, ಅವಳ ಓರಗೆಯವರಲ್ಲಿ ಅರ್ಧ ಊರು ಹುಟ್ಟಿದ್ದು ಹಾಗೆಯೇ. ಕಲ್ಲು ಕಾಯಿಸಿ, ಕಾದ ಕಲ್ಲಿಗೆ ನೀರೆರಚಿ, ಏಳುವ ಹಬೆಯಲ್ಲಿ ಕೂತು ಬೆವರುವ ಆ ಮರದ ಕೋಣೆ ಮನೆಯಲ್ಲೆಲ್ಲ ಚೊಕ್ಕಟವಾದ ಜಾಗ. ಫಿನ್ಲೆಂಡಿನಿಂದ ಗಣಿ ಕೆಲಸಕ್ಕೆ ಬಂದ ಅಜ್ಜಂದಿರು ಮೊದಲು ಕಟ್ಟಿಕೊಂಡದ್ದು ಸೌನಾ, ಆಮೇಲೆ ಮನೆ. ಹೆರಿಗೆಯೂ ಅಲ್ಲೇ, ಸತ್ತವರನ್ನು ತೊಳೆಯುವುದೂ ಅಲ್ಲೇ, ನಡುವಿನ ಶನಿವಾರಗಳೆಲ್ಲ ಅಲ್ಲೇ.

ಅಂಥ ಮನೆಗಳಲ್ಲಿ ಮಕ್ಕಳು ಕೇಳುವ ಮೊದಲ ಬೈಗುಳ ಬಾಗಿಲಿನದು. "ಬಾಗಿಲು ಹಾಕೇ, ಹಬೆ ಹೋಗತ್ತೆ!" ಸೌನಾದ ಬಾಗಿಲು ತೆರೆದಿರುವುದನ್ನು ಕಂಡರೆ ನಮ್ಮೂರಿನವರ ಕೈ ತಾನಾಗಿ ಮುಂದೆ ಹೋಗುತ್ತದೆ. ಒಲೆ ಉರಿಯುತ್ತಿದೆಯೋ ಇಲ್ಲವೋ, ಅದು ಯಾರ ಮನೆಯೋ, ಕೈಗೆ ಅದರ ಯೋಚನೆ ಇಲ್ಲ. ಹಾಕಿದ ಮೇಲೆ ಹಾಕಿದೆ ಎಂಬ ನೆನಪೂ ಉಳಿಯುವುದಿಲ್ಲ. ಕೆಮ್ಮು ಬಂದಾಗ ಬಾಯಿಗೆ ಕೈ ಅಡ್ಡ ಹಿಡಿದ ಹಾಗೆ.

ಸೈಮಾ ಶಾಲೆಯಲ್ಲಿ ಅಡುಗೆಯವಳಾಗಿದ್ದಳು. ಬಹಳ ವರ್ಷ. ಇಂದು ಊರಿನ ಅಂಗಡಿ, ಗ್ಯಾರೇಜು, ಚರ್ಚು ನಡೆಸುವವರೆಲ್ಲ ಒಂದು ಕಾಲಕ್ಕೆ ತಟ್ಟೆ ಹಿಡಿದು ಅವಳೆದುರು ನಿಂತವರು. ಅವಳ ಬಗ್ಗೆ ಎಲ್ಲರಿಗೂ ಗೊತ್ತಿದ್ದ ಒಂದೇ ಸಂಗತಿ ಎಂದರೆ ಅವಳು ಸುಳ್ಳು ಹೇಳುವುದಿಲ್ಲ. ಅದನ್ನು ದೊಡ್ಡ ಗುಣವೆಂದು ಯಾರೂ ಹೊಗಳಲಿಲ್ಲ. ಎಷ್ಟೋ ಸಲ ಅದು ತೊಂದರೆಯೇ ಆಗಿತ್ತು. ಮಕ್ಕಳು "ಇವತ್ತಿನ ಸೂಪು ಚೆನ್ನಾಗಿದೆಯಾ?" ಎಂದು ಕೇಳಿದರೆ ಅವಳು ಸೌಟು ಎತ್ತಿ, "ನಿನ್ನೇದು ಚೆನ್ನಾಗಿತ್ತು" ಎನ್ನುತ್ತಿದ್ದಳು. ಹೊಸ ಟೋಪಿ ಹಾಕಿಕೊಂಡು ಬಂದ ಪಾದ್ರಿಯ ಹೆಂಡತಿಗೆ ಅವಳು ಹೇಳಿದ ಮಾತನ್ನು ಇಲ್ಲಿ ಬರೆಯುವುದು ಬೇಡ.

ಅವಳ ಗಂಡ ರೇನೊ ಕೌಂಟಿಯ ಹಿಮ ಗೋರುವ ಲಾರಿ ಓಡಿಸುತ್ತಿದ್ದ. ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ನಮ್ಮ ರಸ್ತೆಗಳು ಇವೆಯೋ ಇಲ್ಲವೋ ಎಂಬುದು ಅವನ ಕೈಯಲ್ಲಿತ್ತು. ಬೆಳಗಿನ ಪಾಳಿ ಮುಗಿಸಿ, ಟೋಪಿಯ ಮೇಲೆ ಹಿಮ ಹೊತ್ತು ಮನೆಗೆ ಬಂದವನು ಹೆಂಡತಿಗೆ ನಮಸ್ಕಾರ ಹೇಳುತ್ತಿರಲಿಲ್ಲ, ಕಾಫಿ ಕೇಳುತ್ತಿರಲಿಲ್ಲ. ಒಂದೇ ಪ್ರಶ್ನೆ: "ಸೌನಾ ಬಾಗಿಲು ಹಾಕಿದೀಯಾ?" ಬಾಗಿಲು ಹಾಕಿದ್ದರೆ ಒಳಗೆ ಬಿಸಿ ಇದೆ ಎಂದು ಅರ್ಥ. ಅವಳು "ಹಾಕಿದೀನಿ" ಎಂದರೆ ಅವನು ಬೂಟು ಬಿಚ್ಚುತ್ತ ನೇರ ನೆಲಮಾಳಿಗೆಯ ಸೌನಾಕ್ಕೆ ಇಳಿಯುತ್ತಿದ್ದ. ಮಕ್ಕಳಿಲ್ಲದ ಆ ಮನೆಯಲ್ಲಿ ಗಂಡ ಹೆಂಡಿರ ಮಾತು ಹೆಚ್ಚು ಕಡಿಮೆ ಇಷ್ಟೇ. ಜಗಳವಿತ್ತು ಎಂದುಕೊಳ್ಳಬೇಡಿ. ಮಾತಿಲ್ಲದೆ ಒಂದೇ ಕೋಣೆಯಲ್ಲಿ ಕೂರುವುದು ನಮ್ಮಲ್ಲಿ ಅನ್ಯೋನ್ಯತೆಯ ಲಕ್ಷಣ.

ಆ ಸೌನಾವನ್ನು ಕಟ್ಟಿದ್ದೂ ರೇನೊನೇ, ಪಕ್ಕದ ಮನೆಯ ಟೌನೊ ಕಾರ್ವಾಲಾನ ಜೊತೆ. ಸೀಡರ್ ಹಲಗೆಗಳ ಹಿಂದೆ, ಬಿಸಿ ಸೋರದಿರಲೆಂದು ಅಲ್ಯೂಮಿನಿಯಂ ಬೇಗಡೆ ಹೊದಿಸಬೇಕು. ಎಲ್ಲರೂ ಒಂದು ಪದರ ಹೊದಿಸುತ್ತಾರೆ. ಟೌನೊ ಹಟ ಮಾಡಿ ಎರಡು ಪದರ ಹೊದಿಸಿದ, ಗೋಡೆಗೆ, ಚಾವಣಿಗೆ, ಕೊನೆಗೆ ಬಾಗಿಲಿನ ಹಲಗೆಗಳ ನಡುವೆಯೂ. "ಒಂದು ಎಳೆ ಬಿಸಿ ಆಚೆ ಹೋದ್ರೆ ನನ್ನ ಹೆಸರು ಬದಲಾಯಿಸ್ಕೋತೀನಿ" ಎಂದ. ಹೆಸರು ಬದಲಾಯಿಸಿಕೊಳ್ಳುವ ಪ್ರಸಂಗ ಬರಲಿಲ್ಲ.

ವಯಸ್ಸಾದ ಮೇಲೆ ರೇನೊಗೆ ಮರೆವು ಬಂತು. ಮೊದಲು ಬೀಗದ ಕೈ ಮರೆತ, ಆಮೇಲೆ ಟೌನೊನ ಹೆಸರು ಮರೆತ, ಆಮೇಲೆ ಒಂದು ಚಳಿಗಾಲದ ಬೆಳಿಗ್ಗೆ ಚಪ್ಪಲಿಯಲ್ಲೇ ರಸ್ತೆ ಗೋರಲು ಹೊರಟ. ಬಾಗಿಲುಗಳಿಗೆ ಕಾವಲಿರುವಂಥ ಆರೈಕೆಮನೆ ನಮ್ಮ ಕಡೆ ಎಲ್ಲೂ ಖಾಲಿ ಇರಲಿಲ್ಲ. ಕೊನೆಗೆ ಸಿಕ್ಕಿದ್ದು ದೊಡ್ಡ ಸೇತುವೆ ದಾಟಿ ದಕ್ಷಿಣಕ್ಕೆ ಇಡೀ ದಿನ ಕಾರು ಓಡಿಸಿದರೆ ಸಿಗುವ ಊರಿನಲ್ಲಿ. ಸೈಮಾ ಬೇಸಿಗೆಯಲ್ಲಿ ಟೌನೊನ ಕಾರಿನಲ್ಲಿ ಹೋಗಿ ಬರುತ್ತಿದ್ದಳು. ಹಿಮ ಬಿದ್ದ ಮೇಲೆ ಅದೂ ಸಾಧ್ಯವಿಲ್ಲ.

ಹಾಗಾಗಿ ಲ್ಯಾಪ್‌ಟಾಪ್ ಬಂತು. ಶಾಲೆಯವರು ಹಳೆಯವನ್ನು ಮಾರುವಾಗ ಅವಳು ಒಂದನ್ನು ತಂದುಕೊಂಡಳು, ಅಡುಗೆಮನೆಯ ಮೇಜಿನ ಮೇಲಿಟ್ಟಳು. ಇಂಟರ್ನೆಟ್ ಕಂಪನಿಯವನು ಬಂದು ತಂತಿ ಎಳೆದ. ತಂತಿ ಮನೆಯೊಳಗೆ ಬರುವುದು ನೆಲಮಾಳಿಗೆಯ ಮೂಲೆಯಲ್ಲಿ, ಸೌನಾದ ಪಕ್ಕ.

"ಈ ವೈಫೈ ಡಬ್ಬಿ ಎಲ್ಲಿಡ್ಲಿ? ಒಣಗಿರೋ ಜಾಗ ಬೇಕು" ಎಂದ ಅವನು. ನೆಲಮಾಳಿಗೆಯಲ್ಲಿ ಹಿಮ ಕರಗುವ ಕಾಲಕ್ಕೆ ನೀರು ಜಿನುಗುತ್ತದೆ.

"ಒಣಗಿರೋ ಜಾಗ ಅಂದ್ರೆ ಸೌನಾನೇ" ಎಂದಳು ಸೈಮಾ.

"ಬಿಸಿ ಆಗಲ್ವಾ?"

"ಈಗ ಕಾಯಿಸ್ತಾ ಇಲ್ಲ. ಒಬ್ಬಳಿಗೋಸ್ಕರ ಯಾಕೆ?"

ರೇನೊ ಹೋದಾಗಿನಿಂದ ಅವಳು ಆ ಒಲೆಗೆ ಬೆಂಕಿ ಹಾಕಿರಲಿಲ್ಲ. ಮೇಲೆ ಬಚ್ಚಲಿನಲ್ಲೇ ಸ್ನಾನ ಮುಗಿಸುತ್ತಿದ್ದಳು. ಕಂಪನಿಯವನು ಗೋಡೆಯ ಗಾಳಿಕಿಂಡಿಯಿಂದ ತಂತಿ ತೂರಿಸಿದ. ಅವಳು ಸೌನಾದ ಮೇಲಿನ ಹಲಗೆಯ ಮೇಲೆ, ರೇನೊ ಕೂರುತ್ತಿದ್ದ ಜಾಗದಲ್ಲಿ, ಒಗೆದ ನಾರುಬಟ್ಟೆ ಹಾಸಿ, ಅದರ ಮೇಲೆ ಡಬ್ಬಿಯನ್ನು ಕೂರಿಸಿದಳು. ಕಂಪನಿಯವನು ಹೋಗುವಾಗ ಹೇಳಿದ್ದು ಒಂದೇ: "ಅದಕ್ಕೆ ಸ್ವಲ್ಪ ಗಾಳಿ ಬೇಕು, ಬಾಗಿಲು ತೆಗೆದೇ ಇಡಿ." ಹೇಳಿದ್ದಾರಲ್ಲ ಎಂದು ಅವಳು ಮನಸ್ಸಿಲ್ಲದ ಮನಸ್ಸಿನಿಂದ ತೆಗೆದೇ ಇಟ್ಟಳು.

ದಿನಾ ಸಂಜೆ ನಾಲ್ಕಕ್ಕೆ ವಿಡಿಯೊ ಕರೆ. ಆ ಹೊತ್ತಿಗೆ ಅಲ್ಲಿ ಡಿಯಾಂಡ್ರಾ ಎಂಬ ಆರೈಕೆಯ ಹುಡುಗಿ ರೇನೊನನ್ನು ಪರದೆಯ ಮುಂದೆ ತಂದು ಕೂರಿಸುತ್ತಿದ್ದಳು. ಇತ್ತ ಸೈಮಾ ಕಾಫಿ ಲೋಟ, ಏಲಕ್ಕಿ ಬ್ರೆಡ್ಡಿನ ತುಂಡು ಇಟ್ಟುಕೊಂಡು ಕೂರುತ್ತಿದ್ದಳು. ಅವನು ಅವಳನ್ನು ನೋಡುತ್ತಿದ್ದ, ಅವಳು ಅವನನ್ನು ನೋಡುತ್ತಿದ್ದಳು. ಮಾತು ಅಷ್ಟಕ್ಕಷ್ಟೆ. ಕೆಲವು ದಿನ ಎಲ್ಲ ಸರಾಗ. ಕೆಲವು ದಿನ ಮಧ್ಯದಲ್ಲಿ ಚಿತ್ರ ನಿಂತು ಹೋಗುತ್ತಿತ್ತು. ಇವರಿಬ್ಬರಲ್ಲಿ ಅದು ಗೊತ್ತಾಗುವುದೇ ಕಷ್ಟ, ಯಾಕೆಂದರೆ ನೆಟ್ ಇದ್ದಾಗಲೂ ಇಬ್ಬರೂ ಅಲುಗಾಡುತ್ತಿರಲಿಲ್ಲ.

ಆದರೆ ರೇನೊಗೆ ಗೊತ್ತಾಗುತ್ತಿತ್ತು. ಹೇಗೋ ಏನೋ. ಪರದೆಯ ಮೇಲೆ ಅವಳ ಖಾಲಿ ಕುರ್ಚಿಯ ಚಿತ್ರ ಅಂಟಿಕೊಂಡು ನಿಂತರೆ ಅವಳು ಮುನಿಸಿಕೊಂಡು ಎದ್ದು ಹೋದಳು ಎಂದು ಅವನ ಲೆಕ್ಕ. "ಸೈಮಾ, ನಾನೇನು ಮಾಡಿದೆ?" ಎಂದು ಕೇಳುತ್ತಿದ್ದನಂತೆ. ಮತ್ತೆ ಮತ್ತೆ ಕೇಳುತ್ತಿದ್ದನಂತೆ. ಆ ದಿನ ರಾತ್ರಿ ಊಟ ಮುಟ್ಟುತ್ತಿರಲಿಲ್ಲವಂತೆ.

ಇದನ್ನು ಡಿಯಾಂಡ್ರಾ ಫೋನಿನಲ್ಲಿ ಹೇಳಿದಳು. "ಹೇಳಕ್ಕೆ ಬೇಜಾರು, ಸೈಮಾ ಅಮ್ಮಾ. ನಮ್ಮ ಮೇಲ್ವಿಚಾರಕಿ ಅಂತಾರೆ, ಈ ಕರೆಯಿಂದ ಅವರಿಗೆ ಒಳ್ಳೇದಕ್ಕಿಂತ ಕೆಟ್ಟದ್ದೇ ಜಾಸ್ತಿ ಆಗ್ತಿದೆ ಅಂತ. ಹೀಗೇ ಆದ್ರೆ ಈಸ್ಟರ್ ಆದ್ಮೇಲೆ ನಿಲ್ಲಿಸಿಬಿಡೋಣ ಅಂತಿದಾರೆ."

"ನಿಲ್ಲಿಸಿದ್ರೆ ಅವನು ಊಟ ಮಾಡ್ತಾನಾ?"

"ನಂಗೊತ್ತಿಲ್ಲ. ಮಾಡಬಹುದು."

"ಕರೆ ಚೆನ್ನಾಗಾದ ದಿನ ಮಾಡ್ತಾನಾ?"

"ಅಯ್ಯೋ, ಆ ದಿನ ನನ್ನ ತಟ್ಟೆಗೂ ಕೈ ಹಾಕ್ತಾರೆ!"

ಸೈಮಾ ಫೋನ್ ಇಟ್ಟಳು. ಕೋಟು ಹಾಕಿಕೊಂಡು ಟೌನೊನ ಮನೆಗೆ ನಡೆದಳು. ಅವಳು ಯಾರ ಬಳಿಗಾದರೂ ಸಹಾಯ ಕೇಳಿಕೊಂಡು ಹೋದದ್ದನ್ನು ನಮ್ಮ ರಸ್ತೆಯವರು ಅಷ್ಟರವರೆಗೆ ನೋಡಿರಲಿಲ್ಲ.

ಟೌನೊಗೆ ಲ್ಯಾಪ್‌ಟಾಪಿನ ವಿಷಯ ಏನೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವುದೂ ಗೊತ್ತಿರಲಿಲ್ಲ. ಬಂದು ಅಡುಗೆಮನೆಯ ಮೇಜಿನೆದುರು ಕೂತು, ಕನ್ನಡಕ ಮೂಗಿನ ತುದಿಗೆ ತಂದು, ಲ್ಯಾಪ್‌ಟಾಪನ್ನು ತಿರುಗಿಸಿ ಮುರುಗಿಸಿ ನೋಡಿದ.

"ನಿಲ್ಲೋಕೆ ಮುಂಚೆ ನೀನೇನು ಮಾಡ್ತಾ ಇರ್ತೀಯ?"

"ಏನೂ ಇಲ್ಲ."

"ಏನೂ ಅಂದ್ರೆ ಏನೂ ಇಲ್ವಾ? ಮೈಕ್ರೋವೇವ್ ಹಚ್ತೀಯಾ?"

"ಇಲ್ಲ."

"ಗುಂಡಿ ಗಿಂಡಿ ಒತ್ತುತೀಯಾ?"

"ಟೌನೊ, ಏನೂ ಇಲ್ಲ ಅಂದ್ರೆ ಏನೂ ಇಲ್ಲ."

ಸೈಮಾ ಇಲ್ಲ ಎಂದರೆ ಇಲ್ಲ. ಟೌನೊ ಆ ಪ್ರಶ್ನೆಯನ್ನು ಅಲ್ಲಿಗೇ ಬಿಟ್ಟ. ಕಂಪನಿಯ ಸಹಾಯದ ನಂಬರಿಗೆ ಫೋನ್ ಮಾಡಿದಾಗ ಅತ್ತಲಿನವನೂ ಅದನ್ನೇ ಕೇಳಿದ, ಸೈಮಾ ಅದೇ ಉತ್ತರ ಕೊಟ್ಟಳು. "ಹಾಗಾದ್ರೆ ಡಬ್ಬಿ ಆಫ್ ಮಾಡಿ ಆನ್ ಮಾಡಿ" ಎಂದ ಅವನು. ಅದನ್ನು ಅವಳು ಆಗಲೇ ಮಾಡುತ್ತಿದ್ದಳು. ನೆಟ್ ಹೋದಾಗಲೆಲ್ಲ ಕೆಳಗಿಳಿದು, ಸೌನಾಕ್ಕೆ ಹೋಗಿ, ಡಬ್ಬಿಯ ವೈರು ಕಿತ್ತು, ಒಂದು ಹಾಡಿನ ಚರಣ ಮನಸ್ಸಿನಲ್ಲಿ ಹೇಳಿಕೊಂಡು ಮತ್ತೆ ಚುಚ್ಚುತ್ತಿದ್ದಳು. ಪ್ರತಿ ಸಲವೂ ನೆಟ್ ಬರುತ್ತಿತ್ತು. ಆದರೆ ಅಷ್ಟರಲ್ಲಿ ಅಲ್ಲಿ ರೇನೊನನ್ನು ಎಬ್ಬಿಸಿಕೊಂಡು ಹೋಗಿರುತ್ತಿದ್ದರು.

ಟೌನೊ ತನ್ನ ರೀತಿಯಲ್ಲಿ ಹುಡುಕಿದ. ಮೊದಲು ಮೈಕ್ರೋವೇವನ್ನು ಗ್ಯಾರೇಜಿಗೆ ಹೊರಿಸಿದ. ಎರಡು ದಿನ ಕರೆ ಚೆನ್ನಾಗಿ ಆಯಿತು. "ನೋಡಿದ್ಯಾ?" ಎಂದು ಬ್ರೆಡ್ಡಿನ ದೊಡ್ಡ ತುಂಡು ತಾನೇ ಕತ್ತರಿಸಿಕೊಂಡ. ಮೂರನೆಯ ದಿನ ಚಿತ್ರ ನಿಂತಿತು. ಆಮೇಲೆ ಲ್ಯಾಪ್‌ಟಾಪ್ ಬ್ಯಾಟರಿ ಉಳಿಸಲೆಂದು ವೈಫೈಯನ್ನು ತಾನೇ ಮಲಗಿಸಿಬಿಡುತ್ತದೆ ಎಂದು ಯಾರಿಂದಲೋ ಕೇಳಿಕೊಂಡು ಬಂದು, ಹುಡುಕಿ ಹುಡುಕಿ ಸೆಟ್ಟಿಂಗಿನಲ್ಲಿದ್ದ ಆ ಟಿಕ್ ಗುರುತನ್ನು ಅಳಿಸಿದ. ಎರಡು ದಿನ ಸರಿ, ಮತ್ತೆ ಅದೇ ಪಾಡು. ಲ್ಯಾಪ್‌ಟಾಪನ್ನು ಕಿಟಕಿಯ ಹತ್ತಿರ ತಂದರು, ಮೆಟ್ಟಿಲ ಬಾಯಿಗೆ ತಂದರು, ಫ್ರಿಜ್ಜಿನಿಂದ ದೂರ ಸರಿಸಿದರು. ಒಂದೊಂದೂ ಒಂದೆರಡು ದಿನ ಫಲ ಕೊಟ್ಟು ಕೈ ಬಿಟ್ಟಿತು.

ಬೆಳಿಗ್ಗೆ ಅವನು ಬಂದು ಕೆಳಗಿಳಿದು ಡಬ್ಬಿಯ ಹಸಿರು ದೀಪ ನೋಡಿ ಮೇಲೆ ಬರುತ್ತಿದ್ದ. ನೋಡುವಾಗ ಎಲ್ಲ ಸರಿಯಿರುತ್ತಿತ್ತು. ಅವನು ಮನೆ ಮುಟ್ಟುವ ಹೊತ್ತಿಗೆ, ಲ್ಯಾಪ್‌ಟಾಪ್ ತೆರೆದು ನೋಡಿದ ಸೈಮಾಳ ಫೋನ್: "ಹೋಯ್ತು."

"ನಾನಿದ್ರೆ ಇರತ್ತೆ, ನಾನು ಹೋದ್ರೆ ಹೋಗತ್ತೆ! ಅದಕ್ಕೆ ನನ್ನ ಮೇಲೆ ಪ್ರೀತಿ ಕಣೇ, ಸೈಮಾ."

"ಹಾಗಾದ್ರೆ ಹಾಸಿಗೆ ತಂದು ಕೆಳಗೇ ಮಲಗು. ಇಬ್ರೂ ಒಂದೇ ಥರ ಗುಂಯ್‌ಗುಡ್ತೀರಿ."

ಅವನು ಮೇಲೆ ಬರುವಾಗ ಸೌನಾದ ಬಾಗಿಲನ್ನು ಹಾಕಿಕೊಂಡೇ ಬರುತ್ತಿದ್ದ. ಅದನ್ನು ಅವನು ಹೇಳಲಿಲ್ಲ, ಮುಚ್ಚಿಡಬೇಕೆಂದಲ್ಲ. ಹೇಳುವಂಥದ್ದು ಅಲ್ಲಿ ಏನೂ ನಡೆದಿರಲಿಲ್ಲ.

ಈಸ್ಟರ್ ಹತ್ತಿರ ಬಂತು. ಆ ವಾರ ಎರಡು ಸಲ ನೆಟ್ ಹೋಯಿತು, ಎರಡು ಸಲವೂ ರೇನೊ ಉಪವಾಸ ಮಲಗಿದ. ಟೌನೊ ಒಂದು ಉಪಾಯ ಮಾಡಿದ. ಇವರಿಬ್ಬರ ಮೌನ ಯಾವುದು, ನೆಟ್ಟಿನ ಮೌನ ಯಾವುದು ಎಂದು ಗೊತ್ತಾಗುವುದಿಲ್ಲವಲ್ಲ. ಹಾಗಾಗಿ ರೇನೊನನ್ನು ಗೋಡೆಗಡಿಯಾರದ ಕೆಳಗೆ ಕೂರಿಸುವಂತೆ ಡಿಯಾಂಡ್ರಾಗೆ ಹೇಳಿಸಿದ. "ಮುಳ್ಳು ಓಡ್ತಾ ಇದ್ರೆ ನೀವಿಬ್ರೂ ಸುಮ್ಮನಿದೀರಿ ಅಂತ. ಮುಳ್ಳು ನಿಂತ್ರೆ ನೆಟ್ ನಿಂತಿದೆ ಅಂತ." ತಾನೂ ಕುರ್ಚಿ ಎಳೆದುಕೊಂಡು ಸೈಮಾಳ ಪಕ್ಕ ಕೂತ.

ನಾಲ್ಕಕ್ಕೆ ರೇನೊ ಬಂದ. ಕೂದಲು ಬಾಚಿದ್ದರು. ಗಡಿಯಾರ ಅವನ ತಲೆಯ ಮೇಲೆ ಟಕ ಟಕ ಓಡುತ್ತಿತ್ತು.

"ಯಾರದು ಪಕ್ಕದಲ್ಲಿ?" ಎಂದ ರೇನೊ.

"ಟೌನೊ" ಎಂದಳು ಸೈಮಾ.

"ಮುದುಕ ಆಗಿದಾನೆ."

"ನೀನೇನು ಎಳೆಮಗು ಬಿಡು!" ಎಂದ ಟೌನೊ.

ಆಮೇಲೆ ಯಾರೂ ಮಾತಾಡಲಿಲ್ಲ. ಮುಳ್ಳು ಓಡಿತು. ಸೈಮಾ ಬ್ರೆಡ್ಡಿನ ಚೂರನ್ನು ಕಾಫಿಯಲ್ಲಿ ಅದ್ದಿದಳು. ರೇನೊ ಅದನ್ನು ನೋಡುತ್ತ ಕೂತಿದ್ದ. ಹೊರಗೆ ಸೂರಿನಿಂದ ಹಿಮ ಜಾರಿ ಧಪ್ಪೆಂದು ಬಿತ್ತು. ಆ ಸದ್ದಿಗೆ ಅವನ ಮುಖದಲ್ಲಿ ಏನೋ ಎಚ್ಚರವಾದ ಹಾಗೆ ಕಂಡಿತು.

"ಸೌನಾ ಬಾಗಿಲು ಹಾಕಿದೀಯಾ?" ಎಂದ.

ಸೈಮಾ ಲೋಟ ಕೆಳಗಿಟ್ಟು ಎದ್ದಳು. ಮೆಟ್ಟಿಲು ಇಳಿಯುವ ಸದ್ದು ಕೇಳಿಸಿತು. ಟೌನೊ ರೇನೊನ ಕಡೆ ತಿರುಗಿ, "ಏನೋ, ಊಟ ಗೀಟ ಹೇಗಿದೆ ಅಲ್ಲಿ?" ಎಂದ. ರೇನೊ ಉತ್ತರ ಕೊಡಲು ಬಾಯಿ ತೆರೆದ. ತೆರೆದ ಬಾಯಿ ತೆರೆದಂತೆಯೇ ನಿಂತಿತು. ಗಡಿಯಾರದ ಮುಳ್ಳು ನಿಂತಿತು.

ಸೈಮಾ ಮೇಲೆ ಬಂದಳು. ಪರದೆ ನೋಡಿದಳು. "ಹೋಯ್ತಾ?"

"ಹೋಯ್ತು. ನೀನೆಲ್ಲಿಗೆ ಹೋಗಿದ್ದೆ?"

"ಬಾಗಿಲು ಹಾಕೋಕೆ. ಕೇಳಿದ್ನಲ್ಲ."

"ಹಾಕಿದೀನಿ ಅನ್ನಬಾರದಿತ್ತಾ?"

"ಹಾಕಿರಲಿಲ್ಲ. ಡಬ್ಬಿಗೆ ಗಾಳಿ ಬೇಕು ಅಂತ ತೆಗೆದಿಟ್ಟಿದ್ದೆ." ಅವಳು ಆಗಲೇ ತಿರುಗಿ ಮೆಟ್ಟಿಲ ಕಡೆ ಹೊರಟಿದ್ದಳು. "ಇರು, ಆಫ್ ಮಾಡಿ ಆನ್ ಮಾಡ್ತೀನಿ."

ಟೌನೊ ಪರದೆಯನ್ನೇ ನೋಡುತ್ತ ಕೂತ. ಸ್ವಲ್ಪ ಹೊತ್ತಾಯಿತು. ಮುಳ್ಳು ಸರಕ್ಕನೆ ಮುಂದಕ್ಕೆ ಹಾರಿ ಓಡತೊಡಗಿತು. ರೇನೊನ ದನಿ ಬಂತು: "...ಸೈಮಾ, ಎಲ್ಲಿ ಹೋದೆ? ಸಿಟ್ಟಾ?"

"ಬಂತು ಬಂತು!" ಎಂದು ಟೌನೊ ಕೂಗಿದ. "ಏನು ಮಾಡಿದೆ?"

ಕೆಳಗಿನಿಂದ ಉತ್ತರ: "ಏನೂ ಮಾಡಿಲ್ಲ. ಈಗ ತಾನೇ ಒಳಗೆ ಬಂದೆ."

"ವೈರು ಕಿತ್ತೆಯಾ?"

"ಇಲ್ಲ ಅಂದ್ನಲ್ಲ. ಬಾಗಿಲು ತೆಗೆದೆ, ಅಷ್ಟೇ."

ಟೌನೊ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ. ತಾನು ಹೊಡೆದ ಮೊಳೆಗಳು, ಹೊದಿಸಿದ ಬೇಗಡೆ, ಎರಡನೆಯ ಪದರ, ಬಾಗಿಲಿನ ಹಲಗೆಗಳ ನಡುವಿನದು, ಎಲ್ಲವೂ ಅವನ ಕಣ್ಣ ಮುಂದೆ ಬಂದವು. "ವೊಯ್ ವೊಯ್" ಎಂದು ಅಜ್ಜಂದಿರ ಭಾಷೆಯಲ್ಲಿ ಉದ್ಗರಿಸಿದ, ತನಗೆ ತಾನೇ.

ಸೈಮಾ ಓಡಿ ಬಂದು ಕೂತಳು. "ನಾನಿಲ್ಲೇ ಇದೀನಿ, ರೇನೊ. ಸಿಟ್ಟಿಲ್ಲ."

"ಬಾಗಿಲು ಹಾಕಿದೀಯಾ?"

ಅವಳು ಟೌನೊನ ಮುಖ ನೋಡಿದಳು. ಅವನು ತಲೆಯಾಡಿಸಿ, ಹೂಂ ಅನ್ನು, ಹೂಂ ಅನ್ನು ಎಂದು ಕೈಸನ್ನೆ ಮಾಡಿದ.

"ಇಲ್ಲ" ಎಂದಳು ಸೈಮಾ. "ತೆಗೆದಿದೆ. ಇವತ್ತು ಹಾಕಕ್ಕಾಗಲ್ಲ."

ರೇನೊನ ಮುಖ ಬಾಡಿತು. "ಎಲ್ಲಾ ತಣ್ಣಗಾಗತ್ತೆ" ಎಂದ. ಡಿಯಾಂಡ್ರಾ ಬಂದು ಅವನನ್ನು ಎಬ್ಬಿಸಿದಳು. ಆ ರಾತ್ರಿಯೂ ಅವನು ಉಣ್ಣಲಿಲ್ಲವೆಂದು ಮಾರನೆಯ ದಿನ ತಿಳಿಯಿತು.

ಕರೆ ಮುಗಿದ ಮೇಲೆ ಪರೀಕ್ಷೆ ನಡೆಯಿತು. ಟೌನೊ ಕೆಳಗೆ ಬಾಗಿಲ ಹತ್ತಿರ, ಸೈಮಾ ಮೇಲೆ ಲ್ಯಾಪ್‌ಟಾಪಿನ ಹತ್ತಿರ.

"ಹಾಕಿದೆ!"

"ಹೋಯ್ತು!"

"ತೆಗೆದೆ!"

"ಬಂತು!"

ಸಾಕೆನ್ನಿಸುವವರೆಗೆ ಮಾಡಿದರು. ಆಮೇಲೂ ಟೌನೊ ಎರಡು ಸಲ ಮಾಡಿದ. ಅವನಿಗೆ ಅದು ಹಿಡಿಸಿತ್ತು. ಮೇಲೆ ಬಂದಾಗ ಮುಖದಲ್ಲಿ ನಾಚಿಕೆಯೂ ಇತ್ತು, ಹೆಮ್ಮೆಯೂ ಇತ್ತು.

"ಬಿಸಿ ಹೋಗಬಾರದು ಅಂತ ಮಾಡಿದ್ದೆ, ಮಾರಾಯ್ತಿ. ವೈಫೈನೂ ಹೋಗಲ್ಲ ಅಂತ ಯಾರಿಗೆ ಗೊತ್ತಿತ್ತು? ಎಷ್ಟು ಗಟ್ಟಿ ಕೆಲಸ ನೋಡು!"

"ನೋಡ್ತಾ ಇದೀನಿ, ಚಳಿಗಾಲ ಪೂರ್ತಿ. ನಾನು ಹಾಕಿದೆ, ನೀನು ಹಾಕಿದೆ, ಇಬ್ಬರಲ್ಲಿ ಒಬ್ಬರಿಗೂ ನೆನಪಿಲ್ಲ."

"ನೀನು ಏನೂ ಮಾಡಲ್ಲ ಅಂದೆ."

"ಬಾಗಿಲು ಹಾಕೋದು ಏನಾದ್ರೂ ಮಾಡೋದಾ?"

ಟೌನೊ ಯೋಚಿಸಿದ. ಅಲ್ಲ ಎಂದು ಒಪ್ಪಿಕೊಂಡ. ಕಾಫಿ ಬಗ್ಗಿಸಿಕೊಳ್ಳುತ್ತ ಮೆಲ್ಲಗೆ ಹೇಳಿದ: "ಸುಲಭ ದಾರಿ ಒಂದಿದೆ. ಡಬ್ಬಿ ಅಲ್ಲೇ ಇರಲಿ, ಬಾಗಿಲು ತೆಗೆದೇ ಇರಲಿ. ಅವನು ಕೇಳಿದ್ರೆ ಹಾಕಿದೀನಿ ಅಂದ್ಬಿಡು. ಊಟ ಮಾಡಿದ್ದೇ ನೆನಪಿರಲ್ಲ ಅವನಿಗೆ. ಇದು ನೆನಪಿರತ್ತಾ?"

"ನನಗೆ ನೆನಪಿರತ್ತಲ್ಲ."

"ಇಷ್ಟು ಸಣ್ಣ ಸುಳ್ಳು, ಸೈಮಾ."

"ಅವನಿಗೆ ಈಗ ನನ್ನ ಹತ್ರ ಕೇಳಕ್ಕೆ ಉಳಿದಿರೋದೇ ಅದೊಂದು. ಅದಕ್ಕೂ ಸುಳ್ಳು ಹೇಳಲಾ?"

ಟೌನೊ ಕಾಫಿ ಕುಡಿದು ಮುಗಿಸಿದ. ಎದ್ದು ಮನೆಗೆ ಹೋಗಿ ಬೈರಿಗೆ ಯಂತ್ರ ತಂದ. ಅಡುಗೆಮನೆಯ ನೆಲಕ್ಕೆ, ಗೋಡೆಯ ಮಗ್ಗುಲಲ್ಲಿ, ತೂತು ಕೊರೆದ. ತಂತಿ ಸಾಲದೆ ಬಂದದ್ದಕ್ಕೆ ಉದ್ದದ್ದೊಂದು ತಂದು ಜೋಡಿಸಿದರು. ಡಬ್ಬಿ ಸೌನಾದ ಹಲಗೆಯಿಂದ ಎದ್ದು ಬಂದು ಅಡುಗೆಮನೆಯ ಕಿಟಕಿಯಲ್ಲಿ, ಜೆರೇನಿಯಂ ಕುಂಡದ ಪಕ್ಕ, ಅದೇ ನಾರುಬಟ್ಟೆಯ ಮೇಲೆ ಕೂತಿತು. ಕೊರೆದ ಪುಡಿಯನ್ನು ಸೈಮಾ ಗುಡಿಸಿದಳು. ಟೌನೊ ಕೆಳಗೆ ತಂತಿಯ ಕೆಲಸ ಮುಗಿಸಿ ಮೇಲೆ ಬರುವಾಗ ಸೌನಾದ ಬಾಗಿಲು ಹಾಕಿಕೊಂಡು ಬಂದಿದ್ದ. ಈ ಸಲ ಇಬ್ಬರೂ ಅದನ್ನು ಗಮನಿಸಿದರು. ಸೈಮಾ ಹೋಗಿ ಮತ್ತೆ ತೆಗೆದಿಟ್ಟಳು. ಇಡೀ ಚಳಿಗಾಲ ನಡೆದದ್ದು ನಡೆದ ಹಾಗೆಯೇ ನಡೆಯಬೇಕು, ಆಗಲೇ ನೆಟ್ ಸರಿಹೋಯಿತೋ ಇಲ್ಲವೋ ಗೊತ್ತಾಗುವುದು ಎಂದಳು.

ಮಾರನೆಯ ಸಂಜೆ ಡಿಯಾಂಡ್ರಾ ಮೊದಲೇ ಎಚ್ಚರಿಸಿದಳು. ಮೇಲ್ವಿಚಾರಕಿ ಇವತ್ತು ಬಾಗಿಲ ಹತ್ತಿರ ನಿಂತು ನೋಡುತ್ತಾರಂತೆ, ನೋಡಿ ತೀರ್ಮಾನ ಮಾಡುತ್ತಾರಂತೆ.

ರೇನೊ ಗಡಿಯಾರದ ಕೆಳಗೆ ಕೂತ. ಸೈಮಾ ಕಾಫಿಯೆದುರು ಕೂತಳು. ಟೌನೊ ಅವಳ ಹಿಂದೆ. ಇಷ್ಟು ದಿನ ಆ ಪ್ರಶ್ನೆ ಬಂದ ಮೇಲೆ ಎಲ್ಲ ಕೆಡುತ್ತಿತ್ತು. ಇವತ್ತು ಅದು ಬರಲೇ ಇಲ್ಲ. ರೇನೊ ಕಿಟಕಿ ನೋಡಿದ. ತನ್ನ ಕೈ ನೋಡಿಕೊಂಡ. ಕಾರಿನ ಬಣ್ಣ ಕೇಳಿದ. ಯಾವ ಕಾರು ಎಂದು ಯಾರಿಗೂ ತಿಳಿಯಲಿಲ್ಲ, ಸೈಮಾ "ಯಾವ ಕಾರು?" ಎಂದಳು, ಅವನು ಬಿಟ್ಟುಬಿಟ್ಟ. ಟೌನೊ ಹಿಂದಿನಿಂದ ಪಿಸುಗುಟ್ಟಿದ: "ಕೇಳೋ ಮಾರಾಯ, ಕೇಳೋ."

ಕೊನೆಗೆ ಕೇಳಿದ. "ಸೌನಾ ಬಾಗಿಲು ಹಾಕಿದೀಯಾ?"

ಸೈಮಾ ಎದ್ದಳು. ಮೆಟ್ಟಿಲು ಇಳಿದಳು. ಕೆಳಗೆ ದಪ್ಪ ಹಲಗೆ ಚೌಕಟ್ಟಿಗೆ ಕೂತ ಸದ್ದು ಮೇಲಿನವರೆಗೆ ಕೇಳಿಸಿತು. ಟೌನೊ ಮುಳ್ಳನ್ನು ನೋಡಿದ. ಅದು ಓಡುತ್ತಿತ್ತು. ಸೈಮಾ ಮೇಲೆ ಬಂದು ಕೂತಾಗಲೂ ಓಡುತ್ತಿತ್ತು.

"ಹಾಕಿದೀನಿ" ಎಂದಳು.

ರೇನೊ ತಲೆಯಾಡಿಸಿದ. ಆ ಪ್ರಶ್ನೆಯ ಹಿಂದೆ ಇನ್ನೊಂದು ಪ್ರಶ್ನೆ ಇತ್ತು ಎಂಬುದು ಆಗಲೇ ಗೊತ್ತಾಗಿದ್ದು. ಇಡೀ ಚಳಿಗಾಲ ಅದನ್ನು ಕೇಳುವ ಹೊತ್ತಿಗೆ ಅವಳು ಅಲ್ಲಿರುತ್ತಿರಲಿಲ್ಲ.

"ಚೆನ್ನಾಗಿ ಕಾದಿದೆಯಾ?"

ಸೈಮಾ ಲೋಟದ ಹಿಡಿಯನ್ನು ತಿರುಗಿಸಿ ತನ್ನ ಕಡೆಗೆ ತಂದುಕೊಂಡಳು.

"ಇಲ್ಲ" ಎಂದಳು. "ಬೆಂಕಿ ಹಾಕಿಲ್ಲ. ನೀನು ಹೋದ ಮೇಲೆ ಹಾಕೇ ಇಲ್ಲ."

ರೇನೊ ಹುಬ್ಬು ಗಂಟಿಕ್ಕಿ ಈ ಮಾತನ್ನು ತೂಗಿ ನೋಡಿದ. ಅತ್ತ ಬಾಗಿಲಲ್ಲಿ ನಿಂತಿದ್ದ ಮೇಲ್ವಿಚಾರಕಿ ಒಂದು ಹೆಜ್ಜೆ ಮುಂದೆ ಬಂದಳು.

"ಮತ್ತೆ ಬಾಗಿಲು ಯಾಕೆ ಹಾಕಿದೆ?" ಎಂದ ರೇನೊ. "ಕಾಯದೆ ಇರೋ ಸೌನಾಗೆ ಬಾಗಿಲು ಹಾಕ್ತಾರೇನೇ?"

"ನೀನು ಕೇಳ್ತೀಯಲ್ಲ, ಅದಕ್ಕೆ."

"ಎಂಥವಳೇ ನೀನು!" ಎಂದ. ಅವನ ಹೊಟ್ಟೆ ಕುಲುಕಿತು, ಭುಜ ಕುಲುಕಿತು. ಅವನು ನಗುತ್ತಿದ್ದಾನೆಂದು ತಿಳಿಯಲು ಡಿಯಾಂಡ್ರಾಗೆ ಸ್ವಲ್ಪ ಹೊತ್ತು ಬೇಕಾಯಿತು. ಅವಳು ಅದನ್ನು ನೋಡಿಯೇ ಇರಲಿಲ್ಲ. "ಬೆಂಕಿ ಹಾಕು. ಆ ಮುದುಕನ್ನೂ ಕೂರಿಸು. ನೋಡಿದ್ರೇ ಗೊತ್ತಾಗತ್ತೆ, ಬೆವರಿ ಎಷ್ಟು ಕಾಲ ಆಯ್ತೋ."

"ಲೇ, ನನ್ನ ಮನೇಲೂ ಸೌನಾ ಇದೆ ಕಣೋ!" ಎಂದ ಟೌನೊ. ಅವನ ಹೆಸರು ರೇನೊಗೆ ಆಗಲೇ ಮರೆತಿತ್ತು.

ಆ ರಾತ್ರಿ ರೇನೊ ಊಟ ಮಾಡಿದ. ಈಸ್ಟರ್ ಬಂತು, ಹೋಯಿತು. ಕರೆ ನಿಲ್ಲಿಸುವ ಮಾತನ್ನು ಅಲ್ಲಿ ಮತ್ತೆ ಯಾರೂ ಎತ್ತಲಿಲ್ಲ.

ಶನಿವಾರ ಮಧ್ಯಾಹ್ನ ಸೈಮಾ ಒಲೆಯ ಬೂದಿ ತೆಗೆದಳು. ಆ ಬೂದಿ ರೇನೊ ಮನೆಯಲ್ಲಿದ್ದ ಕಾಲದ್ದು. ಬರ್ಚ್ ಸೌದೆ ಜೋಡಿಸಿ ಬೆಂಕಿ ಹಾಕಿದಳು. ಹಲಗೆಗಳನ್ನು ಉಜ್ಜಿ ತೊಳೆದಳು. ಡಬ್ಬಿ ಕೂತಿದ್ದ ಜಾಗದಲ್ಲಿ ಚೌಕಾಕಾರದ ಗುರುತು ಬಿದ್ದಿತ್ತು, ಅದು ಪೂರ್ತಿ ಹೋಗಲಿಲ್ಲ. ನಮ್ಮಲ್ಲಿ ಹೆಂಗಸರು ಮೊದಲು, ಗಂಡಸರು ಆಮೇಲೆ. ಅವಳು ಕೂತು, ನೀರೆರಚಿ, ಬೆವರಿ, ಕೆಂಪಗಾದ ಮುಖಕ್ಕೆ ಟವೆಲು ಸುತ್ತಿಕೊಂಡು ಮೇಲೆ ಬಂದಾಗ ನಾಲ್ಕಾಗುತ್ತ ಬಂದಿತ್ತು. ಟೌನೊ ಒಣಬಟ್ಟೆ ಕಂಕುಳಲ್ಲಿ ಇಟ್ಟುಕೊಂಡು ಕೆಳಗಿಳಿದ. ಬಾಗಿಲು ಧಡ್ಡೆಂದಿತು.

ರೇನೊ ಪರದೆಗೆ ಬಂದ. ಅವಳ ಮುಖ ನೋಡಿದ, ಟವೆಲು ನೋಡಿದ.

"ಬಾ‌ಗಿಲು ಹಾಕಿದೀಯಾ?"

"ಟೌನೊ ಹಾಕಿದ. ಒಳಗಿದಾನೆ."

"ಕಾದಿದೆಯಾ?"

"ಕಾದಿದೆ."

ಅವನು ಕಣ್ಣು ಮುಚ್ಚಿದ. ಅಂಗಿಯ ಮೇಲಿನ ಗುಂಡಿ ತಾನೇ ಬಿಚ್ಚಿಕೊಂಡ. ಸೈಮಾ ಕಾಫಿ ಲೋಟವನ್ನು ಎರಡು ಕೈಯಲ್ಲಿ ಹಿಡಿದು ಕೂತಳು. ಆಮೇಲೆ ಇಬ್ಬರೂ ಅಲುಗಾಡಲಿಲ್ಲ, ಬಹಳ ಹೊತ್ತು. ಅಂದು ಡಿಯಾಂಡ್ರಾ ಅವನ ಕುರ್ಚಿಯನ್ನು ಬೆಳಕಿಗೆಂದು ಕಿಟಕಿಯ ಕಡೆ ತಿರುಗಿಸಿ ಇಟ್ಟಿದ್ದಳು, ಗಡಿಯಾರ ಹಿಂದೆ ಕಾಣುತ್ತಿರಲಿಲ್ಲ. ಅವಳು ಬಗ್ಗಿ ಪರದೆ ನೋಡಿದಳು, ಗಾಬರಿಯಾಗಿ ಉಗುರಿನಿಂದ ತಟ್ಟಿದಳು.

"ಸೈಮಾ ಅಮ್ಮಾ? ಕೇಳಿಸ್ತಾ ಇದೆಯಾ? ಮತ್ತೆ ನಿಂತೋಯ್ತಾ?"

"ಇಲ್ಲಮ್ಮ" ಎಂದಳು ಸೈಮಾ. "ಇದೀವಿ."